ಸೋಲ್ಡರಿಂಗ್ ಕಲಿಯೋಕೆ ಅಂತ ಮಕ್ಕಳ ಕೈಗೆ 230 ವೋಲ್ಟ್ ಕಿಟ್ ಕೊಡಬೇಡಿ

ಪ್ಲಗ್ ಕಿತ್ತ ಮೇಲೆ ನನ್ನ ಮಗನಿಗೆ ಶಾಕ್ ಹೊಡೆಯಿತು. ಹೌದು, ಕಿತ್ತ ಮೇಲೆ. ರಜೆಯಲ್ಲಿ ಮಕ್ಕಳಿಗೆ ಸೋಲ್ಡರಿಂಗ್ ಐರನ್ (ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳಿಗೆ ಬೆಸುಗೆ ಹಾಕುವ ಬಿಸಿ ಕಡ್ಡಿ) ಕೊಡಿಸುವ ಯೋಚನೆ ಇದ್ದವರು ದಯವಿಟ್ಟು ಇದನ್ನು ಓದಿ.

ನಮ್ಮ ಮನೆ ತುಮಕೂರಿನ ಕ್ಯಾತ್ಸಂದ್ರದಲ್ಲಿ. ಮಗ ಒಂಬತ್ತನೇ ಕ್ಲಾಸು ಮುಗಿಸಿದ್ದ. ಮೊಬೈಲ್ ಬಿಟ್ಟು ಕೈಕೆಲಸ ಏನಾದರೂ ಕಲೀಲಿ ಅಂತ ನಾನೇ ಸೋಲ್ಡರಿಂಗ್ ಐರನ್ ಕೊಡಿಸಿದೆ. ನಂದು ಒಂದೇ ಷರತ್ತು: ಮಾಡುವ ವಸ್ತು ಮನೆಗೆ ಉಪಯೋಗಕ್ಕೆ ಬರಬೇಕು. ಸುಮ್ನೆ ಮಿಣಮಿಣ ಅನ್ನೋ ಆಟಿಕೆಗೆ ಯಾಕೆ ದುಡ್ಡು, ಅಲ್ವಾ? ಕೊನೆಗೆ ದೇವರ ಮನೆಗೆ ಒಂದು ಎಲ್‌ಇಡಿ ದೀಪ ಅಂತ ಆಯಿತು. ಪೇಟೆಯ ಅಂಗಡಿಯಲ್ಲಿ ಕಿಟ್ ಸಿಕ್ಕಿತು: ಒಂದು ಬೋರ್ಡು, ಅದಕ್ಕೆ ಬೆಸೆಯುವ ಬಿಡಿಭಾಗಗಳು. ಹೊಸಬರಿಗೆ ಸುಲಭ ಅಂತ ಕವರಿನ ಮೇಲೇ ಅಚ್ಚಾಗಿತ್ತು. ಟ್ರಾನ್ಸ್‌ಫಾರ್ಮರ್ (ವೋಲ್ಟೇಜ್ ಇಳಿಸುವ ಭಾಗ) ಇಲ್ಲ, ಬ್ಯಾಟರಿ ಇಲ್ಲ, ನೇರ ಪ್ಲಗ್ಗಿಗೆ. ಅಷ್ಟು ಅಗ್ಗಕ್ಕೆ ಹೇಗೆ ಕೊಡುತ್ತಾರೆ ಅಂತ ನಾನು ಕೇಳಲಿಲ್ಲ, ಅಂಗಡಿಯವರೂ ಯಾರಿಗೆ ಅಂತ ಕೇಳಲಿಲ್ಲ.

ಎರಡು ಸಂಜೆ ಕೂತು ಮಾಡಿದ. ದೀಪ ಉರಿಯಿತು. ಅಜ್ಜಿಗೆ ತೋರಿಸಬೇಕು ಅಂತ ಪ್ಲಗ್ ಕಿತ್ತು, ಬೋರ್ಡನ್ನು ಅಂಗೈಯಲ್ಲಿ ಎತ್ತಿಕೊಂಡ. ಅಷ್ಟೇ, ಕಿರುಚಿದ. ಕೈ ಝಾಡಿಸಿದ ರಭಸಕ್ಕೆ ಬಿಸಿ ಐರನ್ ಸ್ಟ್ಯಾಂಡಿನಿಂದ ಹಾರಿ ಮುಂಗೈ ಸುಟ್ಟಿತು. ನಮ್ಮತ್ತೆ ಟೂತ್‌ಪೇಸ್ಟ್ ಹಿಡಿದು ಬಂದರು. ನಾನು ಬೇಡ ಅಂತ ಇಪ್ಪತ್ತು ನಿಮಿಷ ನಲ್ಲಿ ನೀರಿನ ಕೆಳಗೆ ಕೈ ಹಿಡಿಸಿದೆ. ಬೊಬ್ಬೆ ಬಂತು, ವಾಸಿಯಾಯಿತು. ಕಲೆ ಇದೆ.

ಎದುರು ಮನೆ ಅಂಕಲ್ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಇದ್ದವರು. ಬೋರ್ಡ್ ತಿರುಗಿಸಿ ನೋಡಿ, "ಏನಮ್ಮಾ, ಇದನ್ನ ಈ ಮರಿ ಕೈಗೆ ಕೊಟ್ಟಿದ್ದೀರಲ್ಲಾ" ಅಂದರು. ಆಮೇಲೆ ಕೂರಿಸಿಕೊಂಡು ವಿವರಿಸಿದರು.

ಟ್ರಾನ್ಸ್‌ಫಾರ್ಮರ್ ಬದಲು ಅದರಲ್ಲಿ 105 ಅಂತ ಬರೆದ 400 ವೋಲ್ಟಿನ ಕೆಪಾಸಿಟರ್, ಅಂದರೆ ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಭಾಗ, ಇದೆ. 105 ಅಂದರೆ ಅದರ ಅಳತೆ 1 ಮೈಕ್ರೋಫ್ಯಾರಡ್. ಕರೆಂಟನ್ನು ತಡೆದು ಕಡಿಮೆ ಮಾಡೋದು ಅದರ ಕೆಲಸ. ಪ್ಲಗ್ಗಿನಲ್ಲಿ ಇರುವಷ್ಟು ಹೊತ್ತು ಬೋರ್ಡಿನ ಯಾವ ಭಾಗ ಮುಟ್ಟಿದರೂ ಮನೆಯ ಕರೆಂಟನ್ನೇ ಮುಟ್ಟಿದ ಹಾಗೆ. ಪ್ಲಗ್ ಕಿತ್ತಾಗ ಕೆಪಾಸಿಟರ್ ಒಳಗೆ 300 ವೋಲ್ಟಿಗಿಂತ ಜಾಸ್ತಿಯೂ ಉಳಿದಿರಬಹುದು. ಅದನ್ನು ಖಾಲಿ ಮಾಡಲು ಕೆಪಾಸಿಟರಿನ ಎರಡು ಕಾಲುಗಳ ನಡುವೆ, ಕರೆಂಟನ್ನು ಸ್ವಲ್ಪಸ್ವಲ್ಪವೇ ಹರಿಯಬಿಡುವ ಒಂದು ರೆಸಿಸ್ಟರ್ ಹಾಕಿರುತ್ತಾರೆ. ನಮ್ಮ ಕಿಟ್‌ನಲ್ಲೂ ಇತ್ತು. ಆದರೆ ಅದರ ಒಂದು ಕಾಲಿನ ಬೆಸುಗೆ ಹಿಡಿದೇ ಇರಲಿಲ್ಲ!

ನನಗೆ ಹೊಟ್ಟೆ ತೊಳಸಿದ್ದು ಇಲ್ಲಿ. ಆ ರೆಸಿಸ್ಟರ್ ಇಲ್ಲದಿದ್ದರೂ ದೀಪ ಚೆನ್ನಾಗಿಯೇ ಉರಿಯುತ್ತದೆ. ಹಾಗಾಗಿ ತಪ್ಪಾಗಿದೆ ಅಂತ ಗೊತ್ತಾಗೋದೇ ಇಲ್ಲ. ಹೊಸಬರ ಬೆಸುಗೆಯಲ್ಲಿ ನಾಲ್ಕಾರು ಕೆಟ್ಟೇ ಕೆಡುತ್ತವೆ. ಇವನೂ ಐರನ್ ತುದಿಯಲ್ಲಿ ಲೆಡ್ (ಬೆಸುಗೆಯ ತಂತಿಗೆ ಹಾಗೇ ಅನ್ನೋದು) ಕರಗಿಸಿಕೊಂಡು, ಗೋಂದು ಹಚ್ಚಿದ ಹಾಗೆ ಮೆತ್ತಿದ್ದ. ಬೆಸುಗೆ ಹಿಡಿಯಲಿ ಅಂತ ಆ ತಂತಿಯೊಳಗೆ ತುಂಬಿರುವ ರಾಳ ಮೊದಲೇ ಸುಟ್ಟು ಹೋಗಿ, ಲೆಡ್ ಮಂಕಾದ ಉಂಡೆಯಾಗಿ ಕೂತಿತ್ತು. ಕಾಲನ್ನೂ ಬೋರ್ಡಿನ ತಾಮ್ರವನ್ನೂ ಒಟ್ಟಿಗೆ ಬಿಸಿ ಮಾಡಿ, ಆ ಬಿಸಿ ಜಾಗಕ್ಕೆ ಲೆಡ್ ತೋರಿಸಬೇಕಂತೆ. ಆಗ ತಾನೇ ಹರಿದು, ಹೊಳೆಯುವ ಪುಟ್ಟ ಗೋಪುರದ ಹಾಗೆ ನಿಲ್ಲುತ್ತದೆ.

ಹಾಗಾದರೆ ಏನು ಮಾಡಿಸಬೇಕಿತ್ತು? ನಾನು ಬೇಡ ಅಂದಿದ್ದ ಆ ಮಿಣಮಿಣ ಆಟಿಕೆಯನ್ನೇ. ಮೊದಲ ಎರಡು ದಿನ ಅಂಕಲ್ ಬರೀ ತುಂಡು ತಂತಿ, ಹಳೆಯ ರೆಸಿಸ್ಟರ್‌ಗಳನ್ನು ಡಾಟ್ ಬೋರ್ಡಿಗೆ (ಸಾಲು ಸಾಲು ತೂತುಗಳಿರುವ ಖಾಲಿ ಬೋರ್ಡು) ಬೆಸೆಯೋಕೆ ಕೊಟ್ಟರು. 25 ವ್ಯಾಟ್ ಐರನ್, ರಾಳ ತುಂಬಿದ 60/40 ಲೆಡ್ (60 ಪಾಲು ತವರ, 40 ಪಾಲು ಸೀಸ). ಕಿಟಕಿ ತೆಗೆದಿರಬೇಕು, ಎದ್ದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು, ಯಾಕಂದ್ರೆ ಅದರಲ್ಲಿ ಸೀಸ ಇರುತ್ತದೆ. ಆಮೇಲೆ 9 ವೋಲ್ಟ್ ಬ್ಯಾಟರಿ, ಒಂದು 555 ಐಸಿ (ಮಿನುಗಿಗೆ ಸಮಯ ಹಾಕುವ ಚಿಪ್ಪು), ಸರದಿಯಲ್ಲಿ ಮಿನುಗುವ ಎರಡು ಎಲ್‌ಇಡಿ. ಐಸಿಯನ್ನು ನೇರವಾಗಿ ಬೆಸೆಯಲಿಲ್ಲ. ಎಂಟು ಕಾಲಿನ ಬೇಸ್, ಅಂದರೆ ಚಿಪ್ಪು ಕೂರಿಸುವ ಸಾಕೆಟ್, ಬೆಸೆದು ಅದರಲ್ಲಿ ಕೂರಿಸಿದ್ದು.

ಮೊದಲ ಸಲ ಅದೂ ಕೆಲಸ ಮಾಡಲಿಲ್ಲ. ಒಂದೇ ಎಲ್‌ಇಡಿ ಸುಮ್ಮನೆ ಉರಿಯುತ್ತಾ ನಿಂತಿತ್ತು. ಬೋರ್ಡನ್ನು ಬರಿಗೈಯಲ್ಲೇ ತಿರುಗಿಸಿ ತಿರುಗಿಸಿ ನೋಡಿದ. ಆರನೇ ಪಿನ್ನಿನ ಬೆಸುಗೆ ಮಂಕಾಗಿತ್ತು. ಮತ್ತೆ ಬಿಸಿ ಮಾಡಿ, ಚೂರು ಲೆಡ್ ಕೊಟ್ಟ. ಎರಡೂ ಮಿನುಗಿದವು. ತಪ್ಪಿಗೆ ಆದ ಖರ್ಚು ಹತ್ತು ನಿಮಿಷ.

ಆ ಹಳೇ ದೀಪದ ಬೋರ್ಡನ್ನು ಅಂಕಲ್ ವೋಲ್ಟ್ ಅಳೆಯುವ ಮಲ್ಟಿಮೀಟರ್ ಇಟ್ಟು, ಕೆಪಾಸಿಟರ್ ಖಾಲಿಯಾಗಿದೆ ಅಂತ ನೋಡಿ, ಪ್ಲಗ್ ವೈರು ಕತ್ತರಿಸಿ ವಾಪಸ್ ಕೊಟ್ಟಿದ್ದಾರೆ. ಈಗ ಅದರ ಮೇಲೆ ಬೆಸುಗೆ ಬಿಚ್ಚೋದನ್ನು ಕಲಿಯುತ್ತಿದ್ದಾನೆ. ದೇವರ ಮನೆಯಲ್ಲಿ ಮೊದಲಿನ ಎಣ್ಣೆ ದೀಪವೇ ಇದೆ.