ಕಟ್ಟಿನಕೆರೆ ಮಾರ್ಕೆಟ್ ಹತ್ತಿರದ ಕನ್ನಡಕದಂಗಡಿ: ನನ್ನ ಪ್ರೋಗ್ರೆಸ್ಸಿವ್ ಲೆನ್ಸ್ ಅನುಭವ

ಚಾಳೀಸು ಬಂದ ಮೇಲೆ ಬೋರ್ಡ್ ನೋಡೋಕೆ ಒಂದು ಕನ್ನಡಕ, ನೋಟ್‌ಬುಕ್ ತಿದ್ದೋಕೆ ಇನ್ನೊಂದು ಅಂತ ದಿನವಿಡೀ ಬದಲಾಯಿಸಿ ಸಾಕಾಗಿತ್ತು. ಹೋದ ವರ್ಷ ದೊಡ್ಡದೊಂದು ಅಂಗಡಿಯಲ್ಲಿ 11,000 ರೂಪಾಯಿ ಕೊಟ್ಟು ಪ್ರೋಗ್ರೆಸ್ಸಿವ್ ಮಾಡಿಸಿದೆ. ಮೇಲೆ ದೂರ, ಕೆಳಗೆ ಹತ್ತಿರ, ನಡುವೆ ಗೆರೆ ಇಲ್ಲ. ಆದರೆ ಓದಬೇಕೆಂದರೆ ಗದ್ದ ಮೇಲೆತ್ತಬೇಕು, ಸಂಜೆ ಹೊತ್ತಿಗೆ ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು. ಕೇಳಿದರೆ ‘ಅಭ್ಯಾಸ ಆಗುತ್ತೆ’ ಅಂದರು. ಆಗಲೇ ಇಲ್ಲ.

ಕೊನೆಗೆ ಹಾಸನದ ಕಟ್ಟಿನಕೆರೆ ಮಾರ್ಕೆಟ್ ಹತ್ತಿರದ ಈ ಚಿಕ್ಕ ಅಂಗಡಿಗೆ ಹೋದೆ. ಅವರು ಹೊಸ ಲೆನ್ಸ್ ತೋರಿಸಲಿಲ್ಲ, ಹಳೇದನ್ನೇ ಕೇಳಿದರು. ಅದರ ಮೇಲೆ ಬಾಯಿಂದ ಹಬೆ ಬಿಟ್ಟು ಬೆಳಕಿಗೆ ಹಿಡಿದಾಗ ಕೂದಲೆಳೆಯಷ್ಟು ತೆಳುವಾದ ಎರಡು ಗುರುತು ಕಂಡವು. ಪ್ರೋಗ್ರೆಸ್ಸಿವ್ ಲೆನ್ಸಿನಲ್ಲಿ ಇವನ್ನು 34 ಮಿಲಿಮೀಟರ್ ಅಂತರದಲ್ಲಿ ಕೆತ್ತಿರುತ್ತಾರೆ. ಕಂಪನಿಯ ಚಾರ್ಟ್ ಮೇಲೆ ಆ ಗುರುತು ಕೂರಿಸಿ, ಪೆನ್ನಿನಲ್ಲಿ ಒಂದು ಕ್ರಾಸ್ ಹಾಕಿ, ಕನ್ನಡಕ ನನ್ನ ಮೂಗಿಗೇರಿಸಿ ಕನ್ನಡಿ ಹಿಡಿದರು. “ನೋಡಿ ಮೇಷ್ಟ್ರೇ, ಈ ಕ್ರಾಸ್ ನಿಮ್ಮ ಪಾಪೆ ಮೇಲೆ ಬರಬೇಕಿತ್ತು. 4 ಮಿಲಿಮೀಟರ್ ಕೆಳಗಿದೆ.” ಲೆನ್ಸ್ ಚೆನ್ನಾಗಿಯೇ ಇತ್ತು, ಕೂರಿಸಿದ್ದೇ ತಪ್ಪಾಗಿತ್ತು! ಒಂದು ವರ್ಷ ನನ್ನ ಕಣ್ಣೇ ಸರಿಯಿಲ್ಲ ಅಂದುಕೊಂಡಿದ್ದೆ, ನಿಜಕ್ಕೂ ಬೇಜಾರಾಯಿತು.

ಅಕ್ಕಪಕ್ಕ ಮಸುಕಾಗೋದು ಯಾಕೆ ಅಂತಲೂ ಕೇಳಿದೆ. ಪವರ್ ಮೇಲಿಂದ ಕೆಳಕ್ಕೆ ಎಷ್ಟು ಬೇಗ ಏರುತ್ತದೋ, ಅದರ ಎರಡು ಪಟ್ಟು ವೇಗದಲ್ಲಿ ಪಕ್ಕಕ್ಕೆ ಬೇಡದ ಸಿಲಿಂಡರ್ ಪವರ್, ಅಂದರೆ ಒಂದೇ ದಿಕ್ಕಿನಲ್ಲಿ ಬೆಳಕು ಬಗ್ಗಿಸಿ ನೋಟ ಮಸುಕು ಮಾಡುವ ಪವರ್, ಸೇರಿಕೊಳ್ಳುತ್ತದೆ. ಇದನ್ನು 1963ರಲ್ಲೇ ಮಿಂಕ್ವಿಟ್ಜ್ ಎಂಬುವವರು ಗಣಿತದಲ್ಲಿ ತೋರಿಸಿದ್ದಾರೆ. ಹಾಗಾಗಿ ಯಾವ ಕಂಪನಿಯೂ ಆ ಮಸುಕನ್ನು ಪೂರ್ತಿ ಅಳಿಸೋಕೆ ಆಗಲ್ಲ, ಎಲ್ಲಿ ಎಷ್ಟು ಹರಡಬೇಕು ಅನ್ನೋದಷ್ಟೇ ಡಿಸೈನ್ ಮಾಡುವವರ ಕೈಲಿರೋದು. ‘ಅಕ್ಕಪಕ್ಕ ಮಸುಕೇ ಇರಲ್ಲ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹೊಸ ಕನ್ನಡಕಕ್ಕೆ ನಾನು ಇಷ್ಟಪಟ್ಟ ಎತ್ತರ ಕಮ್ಮಿಯ ಫ್ರೇಮ್ ಬೇಡ ಅಂದಿದ್ದೂ ಇದಕ್ಕೇ. ಅದರಲ್ಲಿ ಮೇಲಿಂದ ಕೆಳಗಿನ ಜಾಗ ಕಡಿಮೆ, ಪವರ್ ಗಡಿಬಿಡಿಯಲ್ಲಿ ಏರಬೇಕಾಗುತ್ತದೆ, ಮಸುಕೂ ಜಾಸ್ತಿಯಾಗುತ್ತದೆ.

ಅಳತೆಗೆ ಅರ್ಧ ಗಂಟೆ ಹಿಡಿಯಿತು. ಮೂಗಿನ ನಡುವಿನಿಂದ ಒಂದೊಂದು ಕಣ್ಣಿಗೂ ಬೇರೆ ಬೇರೆ ಅಳೆದರು, ನನಗೆ ಬಲಕ್ಕೆ 31, ಎಡಕ್ಕೆ 33 ಮಿಲಿಮೀಟರ್. ಮೊದಲಿನ ಅಂಗಡಿಯಲ್ಲಿ ಒಟ್ಟು 64 ಅಂತ ಬರೆದು ಸಮ ಪಾಲು ಮಾಡಿದ್ದರು. ಆಮೇಲೆ ಫ್ರೇಮನ್ನು ಮುಖಕ್ಕೆ ಸರಿಯಾಗಿ ಬಗ್ಗಿಸಿ, ನನ್ನನ್ನು ಸುಮ್ನೆ ನಿಲ್ಲಿಸಿ, ಪಾಪೆಯ ಎದುರಿಗೆ ಚುಕ್ಕೆ ಇಟ್ಟರು. ಫ್ರೇಮ್ ಬಗ್ಗಿಸೋ ಮೊದಲು ಚುಕ್ಕೆ ಇಟ್ಟರೆ ಎಲ್ಲ ದಂಡ ಅಲ್ವಾ?

ಪಾಲಿಕಾರ್ಬೊನೇಟ್ ಲೆನ್ಸ್ ಕೇಳಿದ್ದೆ. ನನ್ನ ಪವರ್ ಕಡಿಮೆ, ಮಾಮೂಲಿ 1.5 (ಬೆಳಕು ಎಷ್ಟು ಬಗ್ಗುತ್ತದೆ ಅನ್ನೋ ಅಳತೆ) ಪ್ಲಾಸ್ಟಿಕ್ ಸಾಕು, ಅಂಚಿನಲ್ಲಿ ಬಣ್ಣದ ಗೆರೆ ಕಾಣೋದೂ ಅದರಲ್ಲೇ ಕಡಿಮೆ ಅಂದರು. ಫ್ರೇಮ್ ಸೇರಿ 6,800 ಆಯಿತು. ಮಾಡಿಕೊಡೋಕೆ ಹತ್ತು ದಿನ ಹಿಡಿಯಿತು, ಎರಡು ಸಲ ಓಡಾಡಿಸಿದರು, ಅದೊಂದು ತೊಂದರೆ.

ಈಗ ತಲೆ ಅಲ್ಲಾಡಿಸದೆ ಬೋರ್ಡಿನಿಂದ ನೋಟ್‌ಬುಕ್ಕಿಗೆ ಕಣ್ಣು ಇಳಿಯುತ್ತದೆ. ಕುತ್ತಿಗೆ ನೋವು ಹೋಯಿತು. ಮೆಟ್ಟಿಲು ಇಳಿಯುವಾಗ ಮಾತ್ರ ಕೆಳಗಿನ ಓದೋ ಭಾಗ ಅಡ್ಡ ಬರುತ್ತದೆ, ತಲೆ ಪೂರ್ತಿ ಬಗ್ಗಿಸಿ ನೋಡಬೇಕು. ಕಳೆದ ವಾರ ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿ ಇಳಿಯುವಾಗ ಜೇಬಿನಿಂದ ಹಳೇ ದೂರದ ಕನ್ನಡಕ ತೆಗೆದು ಹಾಕಿಕೊಂಡೆ.