ಕ್ರುಪ್ನಿಕಾಸ್: ಅಂಗಡಿಯ ಬಾಟಲಿಯೋ, ಮನೆಯ ಪಾಕವೋ?

ಲಿಥುವೇನಿಯಾದ ಮಸಾಲೆಭರಿತ ಜೇನಿನ ಲಿಕ್ಯೂರ್, ಅಂದರೆ ಸಿಹಿ ಮದ್ಯ, ಕ್ರುಪ್ನಿಕಾಸ್. ಅದರ ಗುಣವನ್ನು ಅಳೆಯಲು ನಾನು ಇಟ್ಟುಕೊಂಡಿರುವ ಮಾನದಂಡ ಒಂದೇ: ಗುಟುಕು ನಾಲಿಗೆಗೆ ತಾಗಿದೊಡನೆ ಜೇನು ತಿಳಿಯಬೇಕು, ಮಸಾಲೆ ಅದರ ಹಿಂದೆ ಬರಬೇಕು, ಮದ್ಯದ ಬಿಸಿ ಕೊನೆಗೆ ಗಂಟಲಿನಲ್ಲಿ ಉಳಿಯಬೇಕು. ಅಂಗಡಿಯ ಬಾಟಲಿಯನ್ನೂ ಮನೆಯಲ್ಲಿ ಮಾಡಿದ್ದನ್ನೂ ಜೊತೆಯಲ್ಲಿಟ್ಟು ರುಚಿ ನೋಡಿದ ಮೇಲೆ ನನ್ನ ಮತ ಮನೆಯದಕ್ಕೇ.

ಅಂಗಡಿಯದು ಕೆಟ್ಟದ್ದೆಂದಲ್ಲ. ಅದರ ಹೊಂಬಣ್ಣ ತಿಳಿಯಾಗಿದೆ, ಸಿಹಿ ಹದವಾಗಿದೆ. ಆದರೆ ಮೂಗಿಗೆ ಮೊದಲು ಬಡಿಯುವುದು ಲವಂಗ ಮತ್ತು ದಾಲ್ಚಿನ್ನಿ. ಜೇನು ಬರಿಯ ಸಿಹಿಯಾಗಿ ಹಿಂದೆ ಸರಿದುಬಿಡುತ್ತದೆ. ಈ ಪಾನೀಯದ ಮಟ್ಟಿಗೆ ಅದು ಸಣ್ಣ ಕೊರತೆಯಲ್ಲ. ಏಲಕ್ಕಿ, ಲವಂಗ, ಜಾಯಿಕಾಯಿ, ಶುಂಠಿ, ಕೇಸರಿ ಇವೆಲ್ಲವೂ ಬಾಲ್ಟಿಕ್ ನಾಡಿಗೆ ದೂರದಿಂದ ಬಂದ ಸರಕುಗಳು. ಜೇನು ಮಾತ್ರ ಅಲ್ಲಿನ ಕಾಡಿನದೇ. ಮರದ ಪೊಟರೆಗಳಲ್ಲಿ ಜೇನು ಸಾಕುವುದು ಅಲ್ಲಿ ಎಷ್ಟು ಮುಖ್ಯವಾಗಿತ್ತೆಂದರೆ, 1529ರ ಲಿಥುವೇನಿಯಾದ ಶಾಸನಸಂಹಿತೆಯೇ ಜೇನುಮರಗಳ ಹಕ್ಕಿನ ಬಗ್ಗೆ ನಿಯಮಗಳನ್ನು ಮಾಡಿತ್ತು. ಕ್ರುಪ್ನಿಕಾಸ್ ಅನ್ನು ಮೊದಲು ಮಾಡಿದವರು, ಆಗ ಲಿಥುವೇನಿಯಾದ ಮಹಾಸಂಸ್ಥಾನಕ್ಕೆ ಸೇರಿದ್ದು ಈಗ ಬೆಲರೂಸಿನಲ್ಲಿರುವ ನ್ಯಾಸ್ವಿಜ್‌ನ ಬೆನೆಡಿಕ್ಟಿನ್ ಪಂಥದ ಕ್ರೈಸ್ತ ಸನ್ಯಾಸಿಗಳು ಎಂಬ ಪ್ರತೀತಿಯಿದೆ. ಪೋಲೆಂಡಿನವರು ಇದರ ಸೋದರ ಪಾನೀಯವನ್ನು ಕ್ರುಪ್ನಿಕ್ ಎನ್ನುತ್ತಾರೆ.

ಮನೆಯಲ್ಲಿ ಮಾಡುವಾಗ ಭಟ್ಟಿ ಇಳಿಸುವ ಕೆಲಸವಿಲ್ಲ. ಕೊಂಡು ತಂದ ಧಾನ್ಯದ ಸ್ಪಿರಿಟ್‌ಗೆ, ಅಂದರೆ ಧಾನ್ಯದಿಂದ ಇಳಿಸಿದ ಕಡು ಮದ್ಯಸಾರಕ್ಕೆ, ಪಾಕವನ್ನು ಬೆರೆಸುವುದಷ್ಟೆ. ಅರ್ಧ ಲೀಟರ್ ನೀರಿಗೆ ಜಜ್ಜಿದ ಏಲಕ್ಕಿ, ದಾಲ್ಚಿನ್ನಿ ಚಕ್ಕೆ, ನಾಲ್ಕೈದು ಲವಂಗ, ಸ್ವಲ್ಪ ಜಾಯಿಕಾಯಿ, ಹಸಿ ಶುಂಠಿ, ಕಿತ್ತಳೆ ಸಿಪ್ಪೆಯ ಹೊರಪದರವನ್ನು ಹಾಕಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಕುದಿಸಿ ಸೋಸಬೇಕು. ಸಿಪ್ಪೆಯ ಒಳಗಿನ ಬಿಳಿಯ ಭಾಗ ಸೇರಿದರೆ ಕಹಿಯಾಗುತ್ತದೆ. ಈ ಕಷಾಯಕ್ಕೆ ಒಂದು ಕಿಲೋ ಜೇನು ಸೇರಿಸಿ, ಮೇಲೆ ಬರುವ ನೊರೆಯನ್ನು ತೆಗೆಯುತ್ತ ಹದವಾಗಿ ಬಿಸಿಮಾಡಬೇಕು. ಜೋರಾಗಿ ಕುದಿಸಿದರೆ ಹೂವಿನ ಪರಿಮಳ ಹಬೆಯೊಡನೆ ಹೋಗಿಬಿಡುತ್ತದೆ. ಮನೆಯ ಪಾಕ ಅಂಗಡಿಯದನ್ನು ಮೀರಿಸುವುದೂ ಸೋಲುವುದೂ ಈ ಹಂತದಲ್ಲಿಯೇ.

ಮುಂದಿನ ಹೆಜ್ಜೆಯಲ್ಲಿ ಎಚ್ಚರ ಬೇಕು. ಮದ್ಯಸಾರ 78 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ, ಅದರ ಆವಿಗೆ ಕಿಡಿ ತಾಗಿದರೆ ಬೆಂಕಿ ಹತ್ತುತ್ತದೆ. ಆದ್ದರಿಂದ ಒಲೆಯನ್ನು ಆರಿಸಿ, ಪಾತ್ರೆಯನ್ನು ದೂರ ಒಯ್ದು, ಪಾಕ ಬೆಚ್ಚಗಾಗುವಷ್ಟು ಆರಿದ ಮೇಲೆಯೇ ಒಂದು ಲೀಟರ್ ಸ್ಪಿರಿಟ್ ಅನ್ನು ನಿಧಾನವಾಗಿ ಸುರಿಯಬೇಕು. ಸ್ಪಿರಿಟ್ ಶೇಕಡಾ 95ರದಾಗಿದ್ದರೆ ಸಿದ್ಧವಾದ ಪಾನೀಯದಲ್ಲಿ ಮದ್ಯಸಾರ ಶೇಕಡಾ 40ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದು ಸಿಗದೆ ಶೇಕಡಾ 40ರ ವೋಡ್ಕಾ ಬಳಸುವವರು ಜೇನನ್ನೂ ನೀರನ್ನೂ ಅರ್ಧಕ್ಕಿಳಿಸಿದರೂ ಶೇಕಡಾ 25ರಷ್ಟೇ ಉಳಿಯುತ್ತದೆ. ಅದು ಕುಡಿಯಲು ಮೃದು, ಆದರೆ ಕ್ರುಪ್ನಿಕಾಸ್‌ನ ಗತ್ತು ಅದಕ್ಕಿಲ್ಲ.

ಬಾಟಲಿಗೆ ತುಂಬಿದಾಗ ಅದು ಮಬ್ಬಾಗಿರುತ್ತದೆ. ಕೆಲವು ವಾರ ಅಲುಗಾಡಿಸದೆ ಇಟ್ಟರೆ ಮಬ್ಬಾಗಿಸಿದ ಅಂಶಗಳು ತಳಕ್ಕಿಳಿದು, ಮೇಲಿನ ತಿಳಿಯನ್ನು ಬಸಿದುಕೊಳ್ಳಬಹುದು. ಅಷ್ಟರಲ್ಲಿ ಲವಂಗದ ಗಡುಸೂ ತಗ್ಗಿರುತ್ತದೆ. ಲಿಂಡೆನ್ ಹೂವಿನ ಜೇನಿನಿಂದ ಮಾಡಿದ್ದು ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾಯಿತು. ಬಕ್‌ವೀಟ್ ಎಂಬ ಧಾನ್ಯದ ಗಿಡದ ಹೂವಿನ ಜೇನು ಕಪ್ಪಗೆ, ಗಾಢವಾಗಿದ್ದು ಮಸಾಲೆಯೊಡನೆ ಜಗಳಕ್ಕಿಳಿಯುತ್ತದೆ, ಅದನ್ನು ಬಳಸುವುದಾದರೆ ಲವಂಗವನ್ನು ಬಿಟ್ಟೇಬಿಡಿ. ಚಳಿಗಾಲದಲ್ಲಿ ಇದನ್ನು ಸಣ್ಣ ಲೋಟಗಳಲ್ಲಿ ಬೆಚ್ಚಗೆ ಕೊಡುವ ವಾಡಿಕೆಯಿದೆ, ಬಿಸಿನೀರಿನಲ್ಲಿ ಬಾಟಲಿಯನ್ನಿಟ್ಟು ಬೆಚ್ಚಗಾಗಿಸಿದರೆ ಸಾಕು. ತಣ್ಣಗೆ ಕೊರೆಯುವಂತೆ ಕುಡಿದರೆ ಜೇನಿನ ಪರಿಮಳವೇ ಏಳುವುದಿಲ್ಲ.