ಪಲ್ಪರ್ ಹೌಸ್‌ಗೆ ಕಾಂಕ್ರೀಟ್ ನೆಲ: ಬೇಲೂರು ಕಡೆಯ ಮೇಸ್ತ್ರಿ ತಂಡದ ಕೆಲಸ ಹೇಗಿತ್ತು

ಮೊದಲೇ ಹೇಳಿಬಿಡುತ್ತೇನೆ, ಈ ತಂಡದ ಕೆಲಸ ನನಗೆ ತುಂಬಾ ಹಿಡಿಸಿದೆ. ಕೆಲಸ ಮುಗಿದ ವಾರವೇ ಬರೆಯಬಹುದಿತ್ತು. ಆದರೆ ಮಲೆನಾಡಿನಲ್ಲಿ ನೆಲ ಹೇಗಿದೆ ಅಂತ ಗೊತ್ತಾಗುವುದು ಒಂದು ಮಳೆಗಾಲ ಕಳೆದ ಮೇಲೆ, ಅಲ್ವಾ? ಅದಕ್ಕೇ ಕಾದೆ. ಮೇಸ್ತ್ರಿಗೆ ಹೆಸರು, ನಂಬರು ಎಲ್ಲರಿಗೂ ಕಾಣುವ ಹಾಗೆ ಹಾಕುವುದು ಇಷ್ಟವಿಲ್ಲ, ಹಾಗಾಗಿ ಇಲ್ಲಿ ಹಾಕಿಲ್ಲ.

ನಮ್ಮದು ಮನೆ ಅಂತ ಕಟ್ಟಿದ್ದಲ್ಲ. ಆಲ್ದೂರಿನ ಹತ್ತಿರ, ತೋಟದ ಇಳಿಜಾರಿನಲ್ಲಿರುವ ಹಳೇ ಪಲ್ಪರ್ ಹೌಸ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಕಟ್ಟಡ. ಅದನ್ನೇ ಮನೆ ಮಾಡಿಕೊಳ್ಳುತ್ತಿದ್ದೇವೆ. ಮೇಲೆ ಕಾಫಿ ಹಣ್ಣು ಸುರಿದರೆ ನೀರಿನ ಜೊತೆ ತಾನಾಗಿ ಇಳಿದು ಪಲ್ಪರ್‌ಗೆ ಬಂದು, ಸಿಪ್ಪೆ ಬಿಟ್ಟು, ಬೀಜ ಕೆಳಗಿನ ತೊಟ್ಟಿಗಳಿಗೆ ಹೋಗುತ್ತಿತ್ತು. ಅದಕ್ಕೇ ಒಂದೇ ಸೂರಿನ ಕೆಳಗೆ ಮೂರು ಮಟ್ಟ. ಸೈಜುಗಲ್ಲಿನ ಗೋಡೆ, ಮೇಲೆ ಮಂಗಳೂರು ಹೆಂಚು. ನಡುವಿನ ಮಟ್ಟ 24 ಅಡಿಗೆ 30 ಅಡಿ ಇದೆ. ಹಾಲ್, ಅಡುಗೆ, ಊಟ ಎಲ್ಲಾ ಅಲ್ಲೇ ಆಗಬೇಕು ಅನ್ನುವುದು ನಮ್ಮ ಆಸೆ.

ತೊಂದರೆ ಇದ್ದದ್ದು ನೆಲದಲ್ಲಿ. ಕಾಫಿ ಬೀಜದ ಲೋಳೆ ಹುದುಗಿದಾಗ ಹುಳಿ ಬರುತ್ತದೆ, ಆ ಹುಳಿ ನೀರು ಸಿಮೆಂಟನ್ನು ನಿಧಾನಕ್ಕೆ ತಿನ್ನುತ್ತದೆ. ವರ್ಷಗಟ್ಟಲೆ ಅದು ಹರಿದ ಜಾಗದಲ್ಲಿ ಸಿಮೆಂಟ್ ಎಲ್ಲಾ ಹೋಗಿ, ಜಲ್ಲಿ ಮಾತ್ರ ಹಲ್ಲಿನ ಹಾಗೆ ಎದ್ದು ನಿಂತಿತ್ತು. ಸಂದಿನಲ್ಲಿ ಒಣಗಿದ ಕಾಫಿ ಬೀಜ ಇನ್ನೂ ಸಿಕ್ಕಿಕೊಂಡಿದ್ದವು. ಜೊತೆಗೆ ನೀರು ಹರಿಯಲಿ ಅಂತ ಬಾಗಿಲಿನಿಂದ ಕಾಲುವೆ ಕಡೆಗೆ ಮೂರು ಇಂಚು ವಾಟ ಕೊಟ್ಟಿದ್ದರು.

ಮೊದಲು ಬಂದ ಗಾರೆಯವರು ಬೇರೆ. ಅವರು ಹಳೇ ನೆಲವನ್ನು ಗುಡಿಸಿ, ಅದರ ಮೇಲೆಯೇ ಗಾರೆ ಎಳೆದು ಹೋದರು. ವಾಟ ಸರಿ ಮಾಡಬೇಕಲ್ಲ, ಹಾಗಾಗಿ ಒಂದು ಕಡೆ ಅರ್ಧ ಇಂಚು, ಇನ್ನೊಂದು ಕಡೆ ಮೂರೂವರೆ ಇಂಚು. ಎರಡೇ ತಿಂಗಳಲ್ಲಿ ತೆಳ್ಳಗಿದ್ದ ಕಡೆಯೆಲ್ಲಾ ಬಿರುಕು ಬಿಟ್ಟು, ಕೋಲಿನಿಂದ ತಟ್ಟಿದರೆ ಟೊಳ್ಳು ಸದ್ದು. ದುಡ್ಡು ಹೋಯಿತು, ಬೇಜಾರು ಅದಕ್ಕಿಂತ ಜಾಸ್ತಿ ಆಯಿತು.

ಆಮೇಲೆ ಸಿಕ್ಕಿದವರೇ ಈ ಮೇಸ್ತ್ರಿ. ಬಂದವರು ರೇಟು ಮಾತಾಡಲಿಲ್ಲ. ಸುತ್ತಿಗೆ ಹಿಡಿದು ಮೂಲೆ ಮೂಲೆ ತಟ್ಟಿದರು, ಒಂದು ಚೆಂಬು ನೀರು ಸುರಿದು ಅದು ಎಲ್ಲಿ ಇಂಗುತ್ತದೆ ಅಂತ ಕೂತು ನೋಡಿದರು. "ಅಕ್ಕಾ, ಇದರ ಮೇಲೆ ಏನು ಹಾಕಿದ್ರೂ ದುಡ್ಡು ದಂಡ. ಕಿತ್ತು ಕೆಳಗಿಂದ ಬರೋಣ" ಅಂದರು. ಕೂಲಿ ಚದರ ಅಡಿಗೆ 90 ರೂಪಾಯಿ, ಒಡೆಯುವ ಕೆಲಸವೂ ಸೇರಿ. ಸಾಮಾನು ನಮ್ಮದು.

ಒಡೆದು ಅಗೆದರು. ಮಣ್ಣಿಗೆ ನೀರು ಹೊಡೆದು, ದಿಮ್ಮಸು ಹಾಕಿ ಗಟ್ಟಿ ಮಾಡಿದರು. ಅದರ ಮೇಲೆ ಅರ್ಧ ಅಡಿ ಕಲ್ಲು ಜೋಡಿಸಿ ಸಂದಿಗೆ ಜಲ್ಲಿಪುಡಿ ತುಂಬಿದರು, ಆಮೇಲೆ ಮೂರು ಇಂಚು ಬೆಡ್ ಕಾಂಕ್ರೀಟ್. ಅದು ಒಣಗಿದ ಮೇಲೆ 250 ಮೈಕ್ರಾನಿನ ಪ್ಲಾಸ್ಟಿಕ್ ಹಾಳೆ, ಒಂದರ ಮೇಲೊಂದು ಒಂದು ಅಡಿ ಬರುವ ಹಾಗೆ ಹಾಸಿ ಟೇಪ್ ಹಾಕಿ, ಗೋಡೆಯ ಮೇಲೆ ಸ್ವಲ್ಪ ಹತ್ತಿಸಿಟ್ಟರು. ನಮ್ಮ ಕಡೆ ಮನೆ ಕಟ್ಟುವವರು ಸುಮ್ನೆ ಬಿಟ್ಟುಬಿಡುವ ಕೆಲಸ ಇದೇ. ಮಳೆಗಾಲದಲ್ಲಿ ನೆಲದಿಂದ ಥಂಡಿ ಮೇಲೆ ಏರದಂತೆ ತಡೆಯುವುದು ಆ ಹಾಳೆ. ಹಾಳೆಯ ಮೇಲೆ 8 ಎಂ.ಎಂ. ಕಂಬಿ, ಎಂಟು ಇಂಚಿಗೊಂದು, ಎರಡೂ ಕಡೆ. ಕಂಬಿ ಹಾಳೆಯ ಮೇಲೆ ಬಿದ್ದುಕೊಂಡಿರಬಾರದು ಅಂತ ಅಡಿಗೆ ಎರಡು ಇಂಚಿನ ಕವರ್ ಬ್ಲಾಕ್ (ಚಿಕ್ಕ ಬಿಲ್ಲೆ) ಕೊಟ್ಟು ಎತ್ತಿ ಕೂರಿಸಿದರು.

ಕಾಂಕ್ರೀಟ್ ಹಾಕಿದ್ದು ಮಾರ್ಚ್‌ನಲ್ಲಿ, ಕಾಫಿ ಕೊಯ್ಲು ಮುಗಿದ ಮೇಲೆ. ಅದಕ್ಕೂ ಮುಂಚೆ ನಮ್ಮ ಕಡೆ ಆಳು ಸಿಗುವುದು ಕಷ್ಟ. ಹಿಂದಿನ ರಾತ್ರಿಯೇ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಂತು. ತೋಟದವರಿಗೆಲ್ಲಾ ಖುಷಿ, ನನಗೆ ಮಾತ್ರ ನಿದ್ದೆ ಇಲ್ಲ, ಯಾಕೆಂದರೆ ಅಂಗಳದಲ್ಲಿದ್ದ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ರಾಶಿ ಪೂರ್ತಿ ನೆನೆದಿತ್ತು.

ಬೆಳಿಗ್ಗೆ ಎಂಟಕ್ಕೆ ಬಂದ ಮೇಸ್ತ್ರಿ ಒಂದು ಹಿಡಿ ಮರಳು ಎತ್ತಿ ಹಿಂಡಿದರು. ಅಂಗೈ ಒದ್ದೆಯಾಯಿತು. ನೀರಿನ ಅಳತೆಗೆ ಅಂತಲೇ ಅವರ ಹತ್ತಿರ ಒಂದು ಪೇಂಟ್ ಬಕೆಟ್ ಇದೆ, ಒಳಗೆ ಕೆಂಪು ಬಣ್ಣದಲ್ಲಿ ಗೆರೆ ಎಳೆದಿದ್ದಾರೆ. 50 ಕೆಜಿ ಮೂಟೆಗೆ 25 ಲೀಟರ್ ಮೀರಬಾರದು ಅನ್ನುವುದು ಅವರ ಲೆಕ್ಕ. ಮರಳಲ್ಲೇ ನೀರಿದೆ ಅಂತ ಆವತ್ತು 21ಕ್ಕೆ ಇಳಿಸಿದರು. ಒಂದು ಮೂಟೆ ಸಿಮೆಂಟಿಗೆ ಒಂದೂವರೆ ಪೆಟ್ಟಿಗೆ ಮರಳು, ಮೂರು ಪೆಟ್ಟಿಗೆ ಜಲ್ಲಿ, ಎಲ್ಲಾ ಅಳೆದು. ನಾಲ್ಕು ಇಂಚಿನ ನೆಲಕ್ಕೆ ಒಟ್ಟು 55 ಮೂಟೆ ಹಿಡಿಯಿತು.

ಬಾಂಡ್ಲಿ ಹೊರುತ್ತಿದ್ದ ಹುಡುಗ ಒಬ್ಬ, ಕಾಂಕ್ರೀಟ್ ಎಳೆದು ಹರಡುವುದಕ್ಕೆ ಕಷ್ಟ ಅಂತ, ಮಿಕ್ಸರ್‌ಗೆ ಇನ್ನೊಂದು ಚೆಂಬು ನೀರು ಹಾಕಲು ಹೋದ. ಮೇಸ್ತ್ರಿ ಅವನ ಕೈ ಹಿಡಿದೇ ಬಿಟ್ಟರು. "ನೀರು ಜಾಸ್ತಿ ಆದ್ರೆ ಜಲ್ಲಿ ಕೆಳಗೆ ಕೂರುತ್ತೆ ಕಣೋ, ಸಿಮೆಂಟ್ ಹಾಲು ಮೇಲೆ ಬರುತ್ತೆ. ಆ ಹಾಲೇ ನಾಳೆ ಪುಡಿ ಆಗಿ ಉದುರೋದು." ಅವರ ಮೇಲೆ ನನಗೆ ನಂಬಿಕೆ ಕೂತಿದ್ದು ಆ ಕ್ಷಣದಲ್ಲಿ.

ಎರಡು ಗಂಟೆಗೆ ಸುರಿದು, ಮಟ್ಟಗೋಲು ಎಳೆದು ಮುಗಿಸಿದರು. ಆಮೇಲೆ ಬರೀ ಕಾಯುವುದು. ಅರ್ಧ ಗಂಟೆಗೊಮ್ಮೆ ಮೇಸ್ತ್ರಿ ಅಂಚಿನಲ್ಲಿ ಗಂಬೂಟು ಊರಿ ನೋಡುವರು, ಹೆಜ್ಜೆ ಕಾಲು ಇಂಚಿಗಿಂತ ಆಳ ಇಳಿಯಬಾರದು, ಅಲ್ಲಿಯವರೆಗೆ ಮಷೀನ್ ಇಳಿಸುವುದಿಲ್ಲ. ಐದೂವರೆಗೆ ಪವರ್ ಟ್ರೋವೆಲ್, ಅಂದರೆ ನೆಲ ತಿಕ್ಕಿ ನುಣುಪು ಮಾಡುವ ಆ ಮಷೀನ್, ಶುರುವಾಯಿತು. ಥಂಡಿಗೆ ಕಾಂಕ್ರೀಟ್ ನಿಧಾನಕ್ಕೆ ಗಟ್ಟಿಯಾಗುತ್ತದೆ, ಹಾಗಾಗಿ ಕೊನೆಯ ಸುತ್ತು ಮುಗಿಯುವಾಗ ರಾತ್ರಿ ಹತ್ತೂವರೆ. ಬೇಸರ ಇಲ್ಲದೆ ನಿಂತು ಮಾಡಿದರು. ಅಮ್ಮನಿಗೆ ಕೆಂಪು ನೆಲ ಬೇಕಿತ್ತು, ರೆಡ್ ಆಕ್ಸೈಡ್ ಹಾಕಿಸು ಅಂತ ಹೇಳುತ್ತಲೇ ಇದ್ದರು. ಬೂದು ಬಣ್ಣದ ಈ ಹೊಳಪು ನೋಡಿದ ಮೇಲೆ ಆ ಮಾತು ಎತ್ತಿಲ್ಲ.

ಈಗ ತಪ್ಪಿನ ಮಾತು. ಹೇಳಿದ ದಿನಕ್ಕಿಂತ ಎಂಟು ದಿನ ತಡವಾಗಿ ಬಂದರು. ಅದು ಹೋಗಲಿ. ಮುಖ್ಯವಾದದ್ದು ಜಾಯಿಂಟ್ ಕಟಿಂಗ್. ನೆಲವನ್ನು 10 ಅಡಿಗೆ 12 ಅಡಿಯ ಆರು ಭಾಗ ಮಾಡಿ, ಒಂದು ಇಂಚು ಆಳಕ್ಕೆ ಗೆರೆ ಕೊಯ್ಯಬೇಕಿತ್ತು. ಕಾಂಕ್ರೀಟ್ ಒಣಗುತ್ತಾ ಕುಗ್ಗುತ್ತದೆ, ಬಿರುಕು ಬರುವುದಿದ್ದರೆ ಆ ಗೆರೆಯೊಳಗೇ ಬರಲಿ ಅಂತ. ಮಾರನೇ ದಿನ ಬೆಳಿಗ್ಗೆಯೇ ಆಗಬೇಕಾದ ಕೆಲಸ, ಕಟಿಂಗ್ ಮಷೀನ್ ಬೇರೆ ಸೈಟಿನಿಂದ ಬರುವಷ್ಟರಲ್ಲಿ ಸಂಜೆ ನಾಲ್ಕು. ಅಷ್ಟರಲ್ಲಿ ತೊಟ್ಟಿಯ ಮೂಲೆಯಿಂದ ಎರಡು ಅಡಿ ಉದ್ದದ ಕೂದಲೆಳೆಯಷ್ಟು ಬಿರುಕು ಓಡಿತ್ತು. ದೊಡ್ಡದಾಗಿಲ್ಲ, ಆದರೆ ನನ್ನ ಕಣ್ಣು ದಿನಾ ಅಲ್ಲಿಗೇ ಹೋಗುತ್ತದೆ. ಗೋಡೆಯ ಅಂಚಿಗೆ ಮಷೀನ್ ಹೋಗುವುದಿಲ್ಲ, ಅಲ್ಲಿ ಕರಣೆಯಲ್ಲಿ ತಿಕ್ಕಿದ ಒಂದು ಪಟ್ಟಿ ಸ್ವಲ್ಪ ಕಪ್ಪಗೆ ಕಾಣುತ್ತದೆ. ಅದು ನನಗೆ ಅಡ್ಡಿಯಿಲ್ಲ.

ಕ್ಯೂರಿಂಗ್, ಅಂದರೆ ಕಾಂಕ್ರೀಟ್ ಗಟ್ಟಿಯಾಗಲು ಒದ್ದೆ ಇಡುವುದು, ನಮ್ಮ ಪಾಲಿನದು. ಪಿಪಿಸಿ (ಹಾರುಬೂದಿಯಂಥದ್ದು ಬೆರೆತ) ಸಿಮೆಂಟ್ ಆದರೆ ಕನಿಷ್ಠ 10 ದಿನ ಒದ್ದೆ ಇರಬೇಕು, ನಾವು 14 ದಿನ ಇಟ್ಟೆವು. ಕಾಫಿ ಗೋಣಿಚೀಲಗಳನ್ನೇ ಹಾಸಿ ನೀರು ಹಾಕಿದೆವು. ಚೀಲವನ್ನು ಮೊದಲು ಚೆನ್ನಾಗಿ ತೊಳೆಯಿರಿ, ಇಲ್ಲದಿದ್ದರೆ ಅದರ ಕಂದು ಬಣ್ಣ ನೆಲಕ್ಕೆ ಹತ್ತುತ್ತದೆ. ಇದನ್ನೂ ಮೇಸ್ತ್ರಿಯೇ ಹೇಳಿದ್ದು.

ಜುಲೈನಲ್ಲಿ, ಬಿಡದೆ ಮಳೆ ಹೊಡೆಯುತ್ತಿದ್ದ ವಾರ, ಥಂಡಿ ಮೇಲೆ ಏರುತ್ತಿದೆಯಾ ಅಂತ ನೋಡಲು ಒಂದೂವರೆ ಅಡಿ ಪ್ಲಾಸ್ಟಿಕ್ ತುಂಡನ್ನು ನೆಲಕ್ಕೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ ಒಂದು ದಿನ ಬಿಟ್ಟೆ. ತೆಗೆದಾಗ ಅಡಿಯಲ್ಲಿ ಒಂದು ಹನಿ ನೀರಿರಲಿಲ್ಲ, ನೆಲದ ಬಣ್ಣವೂ ಕಪ್ಪಾಗಿರಲಿಲ್ಲ. ಚಾಪೆಯ ಅಡಿಯಲ್ಲೂ ಬೂಷ್ಟು ಇಲ್ಲ.

ಕೆಳಗಿನ ತೊಟ್ಟಿಗಳ ಮಟ್ಟ ಇನ್ನೂ ಬಾಕಿ ಇದೆ. ಅದಕ್ಕೂ ಇವರಿಗೇ ಅಡ್ವಾನ್ಸ್ ಕೊಟ್ಟಿದ್ದೇನೆ, ಮುಂದಿನ ಕೊಯ್ಲು ಮುಗಿದ ಮೇಲೆ ಬರುತ್ತಾರೆ. ಈ ಸಲ ಒಂದೇ ಮಾತು ಹೇಳಿದ್ದೇನೆ: ಕಟಿಂಗ್ ಮಷೀನ್ ಸೈಟಿಗೆ ಬಂದು ಇಳಿದ ಮೇಲೆಯೇ ಮಿಕ್ಸರ್ ಸ್ಟಾರ್ಟ್ ಮಾಡಬೇಕು. ಮೇಸ್ತ್ರಿ ಒಪ್ಪಿದ್ದಾರೆ.